ಮಸಿ ಸುಡೂ ಗಾಡಿ

ನಮ್ಮ ಅಪ್ಪ ಯಾವ ಗಾಡಿ ಹತ್ತುವ ಮೊದಲೂ ಅದರ ಬಾನೆಟ್ ಮೇಲೆ ಅಂಗೈ ಇಟ್ಟು ಒಂದು ಕ್ಷಣ ಕಣ್ಣು ಮುಚ್ಚುತ್ತಾನೆ. ಜ್ವರ ಬಂದ ಕೂಸಿನ ಹಣೆ ಮುಟ್ಟಿ ನೋಡುವ ಹಾಗೆ. ಅದು ನಮ್ಮದೇ ಗಾಡಿ ಆಗಬೇಕೆಂದಿಲ್ಲ. ಬಾಡಿಗೆ ಗಾಡಿ, ಬೀಗರ ಗಾಡಿ, ಒಮ್ಮೆ ಅಜ್ಜಿಯನ್ನು ದವಾಖಾನೆಗೆ ಒಯ್ಯಲು ಬಂದ ಆಂಬುಲೆನ್ಸ್ ಕೂಡ. ಆಗ ಒಳಗೆ ಮಲಗಿದ್ದ ಅಜ್ಜಿಯೇ ತಲೆ ಎತ್ತಿ, "ಯಪ್ಪಾ, ಜಡ್ಡ ನನಗ ಆಗೈತಿ, ಗಾಡಿಗಲ್ಲ" ಅಂದಿದ್ದಳು.

ಇಂಥ ಮನುಷ್ಯ ಹೊಸ ಡೀಸೆಲ್ ಕಾರು ಕೊಳ್ಳಲು ಹೊರಟರೆ ಮನೆಯಲ್ಲಿ ಏನೂ ಆಗದೆ ಇರುತ್ತದೆಯೇ? ನಾನು ಕಡಿಮೆ ಮಾತಿನವಳು, ಹಿಂದಿನ ಸೀಟಿನಲ್ಲಿ ಕೂತು ನೋಡುವವಳು. ಅಲ್ಲಿಂದ ಕಂಡದ್ದನ್ನು ಬರೆದಿದ್ದೇನೆ.

ಬೇವಿನ ಮರದ ಸ್ಟಾಪು

ನಮ್ಮದು ಬೈಲಹೊಂಗಲ. ಅಪ್ಪನಿಗೆ ಪೇಟೆಯಲ್ಲಿ ಕಾಳಿನ ವ್ಯಾಪಾರ. ಅವ್ವನ ತವರು ರಾಮದುರ್ಗ ತಾಲೂಕಿನ ಕಟಕೋಳ. ಎರಡೂ ಊರಿನ ನಡುವೆ, ಸವದತ್ತಿ ದಾಟಿದ ಮೇಲೆ, ರಸ್ತೆ ಪಕ್ಕ ಒಂದು ಬೇವಿನ ಮರವಿದೆ. ನಾನು ಹುಟ್ಟುವ ಮೊದಲೇ ಕೊಂಡ ನಮ್ಮ ಹಳೇ ಗಾಡಿ ಅಲ್ಲಿಗೆ ಬಂದ ಕೂಡಲೇ ಕೆಮ್ಮಿ, ನಡುಗಿ, ನಿಂತುಬಿಡುತ್ತಿತ್ತು. ಅಪ್ಪ ಇಳಿದು, "ಎಷ್ಟ ವರ್ಷ ದುಡದೈತಿ, ದಣಿಯಂಗಿಲ್ಲೇನ ಅದು?" ಎಂದು ಅದರ ಪರವಾಗಿಯೇ ಮಾತಾಡುತ್ತಿದ್ದ.

ಹೀಗಾಗಿ ಅವ್ವ ತವರಿನ ಒಂದು ಕಾರ್ಯಕ್ಕೂ ವೇಳೆಗೆ ಮುಟ್ಟಿದ್ದಿಲ್ಲ. ಅವ್ವನ ತಮ್ಮ, ಅಂದರೆ ನಮ್ಮ ಮಾಮಾ, ಅವನಿಗೆ ಮಗಳು ಹುಟ್ಟಿದಾಗ ಕೂಸಿನ ಕಿವಿಯಲ್ಲಿ ಹೆಸರು ಕೂಗಬೇಕಾದವಳು ಸೋದರತ್ತೆ. ಅವ್ವ ಬೇವಿನ ಮರದ ಕೆಳಗೆ ಕೂತಿದ್ದಳು. ಬಾಜೂ ಮನೆಯವಳು ಕೂಗಿಬಿಟ್ಟಳು. ಅದೇ ಮಗಳ ಮದುವೆಗೆ ಹೋದಾಗ ಅಕ್ಷತೆ ಬಿದ್ದು, ಎರಡನೇ ಪಂಕ್ತಿ ಎದ್ದಿತ್ತು. ಕಟಕೋಳದ ಹೆಣ್ಣುಮಕ್ಕಳು ನಮ್ಮನ್ನು ಕಂಡು, "ಬೈಲಹೊಂಗಲದಾಕಿ ಬಂದ್ಲು, ಇನ್ನ ಪಾತೇಲಿ ತೊಳ್ಯಾಕ ಹಾಕ್ರೆವಾ" ಎಂದು ನಕ್ಕರು.

ಮರಳಿ ಬರುವಾಗ ಗಾಡಿ ಮತ್ತೆ ಅದೇ ಮರದ ಕೆಳಗೆ ನಿಂತಿತು. ಅವ್ವ ಇಳಿದು, ಸೆರಗು ಸೊಂಟಕ್ಕೆ ಸಿಕ್ಕಿಸಿ, "ಕೇಳ್ರಿಲ್ಲೆ. ಈ ಹುಡುಗಿ ಕುಬಸಕ್ಕ ನಾ ಎಲ್ಲಾರಕಿಂತ ಮೊದಲ ಮುಟ್ಟಬೇಕು. ಅಕಿ ಉಡಿ ಮೊದಲ ನಾನ ತುಂಬಬೇಕು. ಹೊಸಾ ಗಾಡಿ ತರತೀರೋ, ಇಲ್ಲಾ ನಾ ಇಲ್ಲಿಂದ ನಡಕೋಂತ ತವರಿಗೆ ಹೊಳ್ಳಿ ಹೋಗ್ಲ್ಯೋ?" ಅಂದಳು. ಕುಬಸ ಅಂದರೆ ನಮ್ಮ ಕಡೆಯ ಸೀಮಂತ, ಉಡಿ ಅಂದರೆ ಮಡಿಲು.

ಅಪ್ಪ ಬಾನೆಟ್ ಎತ್ತಿ ಒಳಗೆ ತಲೆ ಹಾಕಿದ್ದ. ತಲೆ ಹೊರಗೆ ತೆಗೆದು ಹೇಳಿದ: "ಬರೇ ಬ್ಯಾಟರಿ ಇದ್ದಂಗ ಕಾಣತೈತಿ."

ಮಾರುವವನ ಬಾಳಿಕೆ

ಅಂತೂ ಶೋರೂಮಿಗೆ ಹೋದೆವು. ಟೈ ಕಟ್ಟಿದ ಸೇಲ್ಸ್‌ಮನ್ ಗುಂಡಿ ಒತ್ತಿದ. ಗಾಡಿಯ ಮಾಳಿಗೆ ಸರಿದು ಆಕಾಶ ಕಂಡಿತು.

"ಇದ್ಯಾಕ ಕಿಂಡಿ?" ಅಪ್ಪ ಕೇಳಿದ.

"ಗಾಳಿ ಬೆಳಕು ಬರತೈತ್ರಿ ಸರ್. ನಿಮ್ಮ ಹಳೇ ಗಾಡ್ಯಾಗ ಇದು ಇರಂಗಿಲ್ಲ."

"ಐತಿ. ತಳದಾಗ ಐತಿ."

ಆಮೇಲೆ ಅಪ್ಪ ಇಂಗ್ಲಿಷ್ ಪುಸ್ತಿಕೆಯನ್ನು ನನ್ನ ಕೈಗೆ ಕೊಟ್ಟು ಓದು ಅಂದ. ನಾಲ್ಕು ಜನರ ಮುಂದೆ ನಾನು ಪುಸ್ತಿಕೆಗಷ್ಟೇ ಕೇಳಿಸುವ ಹಾಗೆ ಓದಿದೆ. "ಬಾಯಿ ಬಿಟ್ಟ ಓದವಾ. ಗಾಡಿ ಚಾಲೂ ಆದದ್ದರ ಕೇಳಸ್ತೈತಿ, ನೀ ಚಾಲೂ ಆದದ್ದು ಕೇಳಸವಲ್ದು" ಎಂದ ಅಪ್ಪ, ಸೇಲ್ಸ್‌ಮನ್ ಕಡೆ ತಿರುಗಿದ. "ಹದಿನೈದು ವರ್ಷ ಆದಮ್ಯಾಲ ಇದರ ಟರ್ಬೊ ಹೆಂಗಿರತೈತಿ?"

"ವಾರಂಟಿ ಐತ್ರಿ ಸರ್."

"ವಾರಂಟಿ ಇರೂತನಕ ಯಾವ ಗಾಡಿನೂ ಕೆಡೂದಿಲ್ಲ. ಅದು ಮುಗಿದ ಮರುದಿನದ ಮಾತ ಹೇಳಪಾ."

ಆ ಮನುಷ್ಯ ಪ್ರಾಮಾಣಿಕ. ಅತ್ತಿತ್ತ ನೋಡಿ ದನಿ ತಗ್ಗಿಸಿ, "ಸರ್, ಸುಳ್ಳ ಯಾಕ ಹೇಳ್ಲಿ? ನಾನ ಬರೂ ತಿಂಗಳ ಬ್ಯಾರೆ ಕಂಪನಿಗೆ ಹೊಂಟೇನ್ರಿ" ಅಂದ.

ಅಪ್ಪ ನನ್ನ ಕಡೆ ನೋಡಿದ. "ನೋಡಿದ್ಯಾ? ಗಾಡಿ ದೂರ ಉಳೀತು. ಮಾರಾವನ ಒಂದ ತಿಂಗಳ ಬಾಳಿಕಿ ಬರಂಗಿಲ್ಲ."

ಪೇಟೆಯ ಗೆಳೆಯರು ಬೇರೆ ಹೆದರಿಸುತ್ತಿದ್ದರು. ಒಬ್ಬರು ಮನೆಗೇ ಬಂದು, "ಡೀಸೆಲ್ ಬ್ಯಾಡ್ರೀ ಸಾವಕಾರ್ರ. ದಿಲ್ಲ್ಯಾಗ ಹತ್ತ ವರ್ಷದ ಡೀಸೆಲ್ ಗಾಡಿ ಓಡಸಾಕ ಬಿಡಂಗಿಲ್ಲಂತ" ಅಂದರು. ಚಹಾ ತಂದ ಅವ್ವ ಕಪ್ಪು ಕುಕ್ಕಿ ಹೇಳಿದಳು: "ಇವರು ನನ್ನ ಕಟಕೋಳಕ್ಕ ಮುಟ್ಟಸವಲ್ರು, ನಿಮಗ ದಿಲ್ಲಿ ಚಿಂತಿ ಹತ್ತೈತಿ."

ಗಾಡಿಯವರು ಹೊರಗೆ ಬರಬೇಕು

ಮಾರುವವರ ಮಾತು ನಂಬಬಾರದು, ಓಡಿಸುವವರನ್ನು ಕೇಳಬೇಕು ಎಂದು ಅಪ್ಪ ತೀರ್ಮಾನಿಸಿದ. ಅಲ್ಲಿಂದ ಆ ಮಾಡೆಲ್ ಎಲ್ಲಿ ನಿಂತಿದ್ದರೂ ಅದರ ಪಕ್ಕ ಅಪ್ಪ, ಅಪ್ಪನ ಹಿಂದೆ ಮುಖ ಮುಚ್ಚಿಕೊಂಡು ನಾನು.

ಕಿತ್ತೂರಿನಲ್ಲಿ ಒಂದು ಮದುವೆಗೆ ಹೋಗಿದ್ದೆವು. ಕಲ್ಯಾಣ ಮಂಟಪದ ಅಂಗಳದಲ್ಲಿ ಅದೇ ಗಾಡಿ, ಮೈತುಂಬ ಹೂವು. ಅಷ್ಟು ಹೂವಿನ ಕೆಳಗೂ ಅಪ್ಪನಿಗೆ ಕಂಡದ್ದು ಬಾನೆಟ್ಟೇ. ನೇರ ಮೈಕಿನವನ ಹತ್ತಿರ ಹೋಗಿ ನಂಬರ್ ಹೇಳಿದ. "ಈ ನಂಬರಿನ ಗಾಡಿಯವರು ಎಲ್ಲಿದ್ದರೂ ಕೂಡಲೇ ಹೊರಗೆ ಬರಬೇಕು" ಎಂದು ಮೈಕು ಕೂಗಿತು.

ಬಂದವನು ಮದುಮಗ. ಹಣೆಗೆ ಬಾಸಿಂಗ, ಕೊರಳಲ್ಲಿ ಹಾರ, ಓಡಿ ಬಂದ ಏದುಸಿರು. "ಗಾಡಿಗೆ ಏನಾತ್ರಿ?"

"ಏನೂ ಆಗಿಲ್ಲಪಾ. ಮುಂದ ಏನರ ಆಗತೈತೇನು ಅಂತ ಕೇಳಾಕ ಕರಸೇನಿ."

ನಾನು ಕಂಬದ ಹಿಂದೆ ಸರಿದೆ. ಬೈಗುಳ ಬರುತ್ತದೆ ಅಂದುಕೊಂಡರೆ ಮದುಮಗನ ಮುಖ ಅರಳಿತು. ಬೆಳಗಿನಿಂದ ಅವನನ್ನು ಎಲ್ಲರೂ ಅಲ್ಲಿ ನೋಡು, ಇಲ್ಲಿ ನಗು ಎಂದಿದ್ದರೇ ಹೊರತು ಅವನಿಗೆ ಗೊತ್ತಿರುವ ಒಂದು ಮಾತನ್ನೂ ಕೇಳಿರಲಿಲ್ಲ. ಬಾಸಿಂಗ ಮೇಲೆ ಸರಿಸಿ ಬಾನೆಟ್ ತೆಗೆದೇಬಿಟ್ಟ. "ಕಾಕಾ, ಎಂಜಿನ್ ಗಟ್ಟಿ ಐತ್ರಿ. ಆದ್ರ ಪ್ಯಾಟ್ಯಾಗ ಬರೇ ಸಣ್ಣ ಸಣ್ಣ ತಿರುಗಾಟ ಮಾಡಿದ್ರ ಹೊಗಿ ಫಿಲ್ಟರ್‌ನ್ಯಾಗ ಮಸಿ ಕುಂದ್ರತೈತಿ. ವಾರಕ್ಕೊಮ್ಮಿ ಹೈವೇಕ್ಕ ಬಿಡ್ರಿ, ಕಾದು ತಾನ ಸುಟಗೊಂತೈತಿ."

ಅವನನ್ನು ಕರೆಯಲು ಬಂದ ಹೆಣ್ಣಿನ ಅಪ್ಪ ಸ್ವಲ್ಪ ಕೇಳಿಸಿಕೊಂಡು, "ಕ್ಲಚ್ ಎಷ್ಟ ಬಾಳಿಕಿ ಬರತೈತ್ರಿ?" ಅಂದರು. ಅವರಿಬ್ಬರನ್ನೂ ಕರೆಯಲು ಬಂದ, ಲಗ್ನ ಮಾಡಿಸುವ ಅಯ್ಯನವರು, "ನಂದೂ ಇದ ಗಾಡಿರಿ. ನಿಮಗ ಎವರೇಜ್ ಎಷ್ಟ ಕೊಡತೈತಿ?" ಎಂದು ತಾವೂ ಬಗ್ಗಿದರು.

ಆಗ ಮೈಕು ಮತ್ತೆ ಕೂಗಿತು: "ಗಾಡಿ ನೋಡಾಕ ಹೋದವರೆಲ್ಲಾ ಒಳಗ ಬರಬೇಕು. ಮದುಮಗಳು ಹೇಳಾಕತ್ತಾಳ, ಲಗ್ನ ಗಾಡಿ ಜೋಡಿ ಆಗೂದಿದ್ರ ತಾ ಮನಿಗಿ ಹೋಗತಾಳಂತ."

ಮಾಮಾನ ಉಡುಗೊರೆ

ಮಾಮಾನ ಮಗಳು ಬಸುರಿ ಎಂಬ ಸುದ್ದಿ ಬಂದ ದಿನ ಅಪ್ಪ ಅದೇ ಗಾಡಿ ಬುಕ್ ಮಾಡಿದ. ಮಾಡಿದ ಅನ್ನುವುದಕ್ಕಿಂತ ಅವ್ವ ಮಾಡಿಸಿದಳು.

ಈಗಿನ ಡೀಸೆಲ್ ಗಾಡಿಗಳಲ್ಲಿ ಕೆಲವಕ್ಕೆ ಹೊಗೆ ಶುದ್ಧ ಮಾಡಲು ಯೂರಿಯಾದ ದ್ರಾವಣ ಹಾಕಬೇಕು. ಅದಕ್ಕೆ ಬೇರೆ ಟಾಕಿ ಇರುತ್ತದೆ. ನಮ್ಮದೂ ಅಂಥದೇ. ಅವ್ವ ಇದನ್ನು ಫೋನಿನಲ್ಲಿ ತಮ್ಮನಿಗೆ ಹೇಳಿದ್ದೇ ತಪ್ಪಾಯಿತು. ಗಾಡಿ ಬಂದ ಮರುದಿನ ಕಟಕೋಳದಿಂದ ಮಾಮಾ ಬಂದಿಳಿದ, ಹೆಗಲ ಮೇಲೆ ಯೂರಿಯಾ ಗೊಬ್ಬರದ ಚೀಲ.

"ಸೊಸೈಟ್ಯಾಗ ಪಾಳಿ ಹಚ್ಚಿ ತಂದೇನಿ ಅಕ್ಕಾ. ನನ್ನ ಗೋವಿನಜೋಳಕ್ಕ ಇಲ್ಲ ಅಂದ್ರೂ ನಡಿತೈತಿ, ನಿಮ್ಮ ಗಾಡಿ ಉಪಾಸ ಇರಬಾರ್ದು."

ಎಲ್ಲರೂ ನನ್ನ ಕಡೆ ನೋಡಿದರು. ಪುಸ್ತಿಕೆ ಓದಿದವಳು ನಾನೇ ತಾನೆ. "ಮಾಮಾ, ಇದಲ್ಲ... ಅದು ನೀರಿನಂಗ ಇರತೈತಿ. ಕ್ಯಾನ್‌ನ್ಯಾಗ ಬರತೈತಿ" ಅಂದೆ.

"ನೀರಿನಂಗ ಮಾಡೂದು ಏನ ದೊಡ್ಡ ಮಾತವಾ? ಬಕೀಟ ತಾ, ಕಲಸತೇನಿ."

ಅಪ್ಪನ ಕಣ್ಣು ಒಮ್ಮೆ ಚೀಲದ ಮೇಲೆ, ಒಮ್ಮೆ ಬಕೀಟಿನ ಮೇಲೆ ಓಡಾಡಿದ್ದನ್ನು ನಾನು ಕಂಡೆ. ಕಟ್ಟೆಯ ಮೇಲೆ ಕೂತಿದ್ದ ಅಜ್ಜಿಯೇ ಕಾಪಾಡಿದಳು: "ಯೂರಿಯಾ ಹಾಕಿದ್ರ ಎತ್ತರ ಬೆಳಿತೈತಿ. ಈಗಿದ್ದ ಎತ್ತರಕ್ಕ ನನಗ ಹತ್ತಾಕ ಆಗವಲ್ದು, ಬ್ಯಾಡ್ರಪಾ."

ಗಾಡಿ ಉಪಾಸ ಐತಿ

ಮದುಮಗ ಹೇಳಿದ ಮಸಿಯ ಮಾತು ಅಪ್ಪನ ತಲೆಯಲ್ಲಿ ಶಾಸನದ ಹಾಗೆ ಕೂತಿತ್ತು. ಊರೊಳಗೆ ಗಾಡಿ ತೆಗೆಯಕೂಡದು. ಭಾನುವಾರ ಮಾತ್ರ ಕಿತ್ತೂರಿಗೆ ಹೋಗಿ, ಹೈವೇ ಹಿಡಿದು, ಎಂ.ಕೆ. ಹುಬ್ಬಳ್ಳಿಯ ಕಬ್ಬಿನ ಟ್ರ್ಯಾಕ್ಟರುಗಳನ್ನು ದಾಟಿಕೊಂಡು ಮಸಿ ಸುಟ್ಟು ಬರುವುದು. ಅವ್ವ ಸಂತೆಯಿಂದ ಕಾಯಿಪಲ್ಲೆ ಚೀಲ ಹಿಡಿದು ಆಟೋದಿಂದ ಇಳಿಯುತ್ತಿದ್ದದ್ದು ಹೊಚ್ಚಹೊಸ ಗಾಡಿಯ ಮುಂದೆಯೇ.

ಎದುರು ಮನೆಯ ಕಾಕೂ ಕೇಳಿದರು: "ಯಾಕ್ರೀ ವೈನಿ, ಗಾಡಿ ಕೆಟ್ಟೈತೇನು?"

"ಇಲ್ಲವಾ, ಉಪಾಸ ಐತಿ. ಐತವಾರ ಬಿಡತೈತಿ."

ಬಂದ್ಲು, ಹೋದ್ಲು

ಕುಬಸದ ದಿನ ಬಂತು. ಹಸಿರು ಇಳಕಲ್ ಸೀರೆ, ಖಣ, ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣ ಕೊಂಬು ಎಲ್ಲ ತುಂಬಿದ ಬುಟ್ಟಿಯನ್ನು ಹಿಂದೆ ನನ್ನ ಪಕ್ಕ ಕೂತ ಅವ್ವ ತೊಡೆಯ ಮೇಲಿಂದ ಇಳಿಸಲೇ ಇಲ್ಲ. ಸವದತ್ತಿ ದಾಟಿತು, ಬೇವಿನ ಮರ ದಾಟಿತು. ಕಟಕೋಳ ಬಂದಾಗ ಮಂದಿ ಇನ್ನೂ ಅಂಗಳದಲ್ಲಿ ರಂಗೋಲಿ ಹಾಕುತ್ತಿದ್ದರು. ಅವ್ವನ ಕಣ್ಣು ತುಂಬಿ ಬಂತು. "ನೋಡ್ರಿ, ಇನ್ನೂ ಯಾರೂ ಬಂದಿಲ್ಲ!"

ಆಗಲೇ ಮೀಟರಿನಲ್ಲಿ ಹಳದಿ ದೀಪ ಹತ್ತಿತು.

"ಮಸಿ ದೀಪ!" ಅಪ್ಪ ಬೆವರಿದ. "ಓದ, ಏನ ಮಾಡಂತೈತಿ ನೋಡ."

ಪುಸ್ತಿಕೆ ತೆಗೆದು ಓದಿದೆ. ದೀಪ ಆರುವ ತನಕ ಗಾಡಿ ಒಂದೇ ವೇಗದಲ್ಲಿ ಓಡುತ್ತಿರಬೇಕು, ಎಂಜಿನ್ ಬಂದ್ ಮಾಡಬಾರದು. ಈಗ ಆಗದಿದ್ದರೆ ಆಮೇಲೆ ಯಾವಾಗಲಾದರೂ ಓಡಿಸಬಹುದು ಎಂದು ಅದರ ಕೆಳಗಿತ್ತು. ಅದನ್ನೂ ಓದಿದೆ. ಮೊದಲನೆಯದು ಮಾತ್ರ ಅಪ್ಪನ ಕಿವಿಗೆ ಬಿತ್ತು, ಇದು ಎಂದಿನಂತೆ ಯಾರಿಗೂ ಕೇಳಿಸಲಿಲ್ಲ.

ಬಾಗಿಲಲ್ಲಿ ಮಾಮಾ ನಿಂತಿದ್ದ. ಹೆಣ್ಣುಮಕ್ಕಳು ನೀರಿನ ತಂಬಿಗೆ ಹಿಡಿದಿದ್ದರು. "ಬೈಲಹೊಂಗಲದಾಕಿ ಬಂದ್ಲು!" ಎಂದು ಒಬ್ಬಳು ಕೂಗಿದಳು. ಗಾಡಿ ಮುಂದೆ ಸಾಗಿತು. ಅವ್ವ ಕಿಟಕಿಯಿಂದಲೇ ಕೈ ಮುಗಿದಳು. "ಹೋದ್ಲು!" ಎಂದು ಇನ್ನೊಬ್ಬಳು ಕೂಗಿದಳು.

"ನಿಂದರಸ್ರಿ ಅಂದ್ರ!" ಅವ್ವ ಚೀರಿದಳು.

"ಹೊಸಾ ಗಾಡಿ ಐತಿ, ಮಸಿ ಅರ್ಧಾ ಸುಟ್ಟ ಬಿಟ್ರ ಜೀವಮಾನ ಕಡಿಮಿ ಆಗತೈತಿ."

"ನಿಮ್ಮದು ಕಡಿಮಿ ಆಗತೈತಿ ನೋಡ್ರಿ ಈಗ!"

ರಾಮದುರ್ಗದ ಕಡೆ ಹೋಗಿ ತಿರುಗಿ ಬಂದೆವು. ಎರಡನೇ ಸಲ ದಾಟುವಾಗ ಕಟ್ಟೆಯ ತುಂಬ ಮಂದಿ. ಮಾಮಾ ಬೈಕು ಹತ್ತಿ ನಮ್ಮ ಪಕ್ಕಕ್ಕೇ ಬಂದ. "ಅಕ್ಕಾ, ವ್ಯಾಳ್ಯಾ ಹೊಂಟೈತಿ! ಬಾಜೂ ಮನ್ಯಾಕಿ ನಾ ತುಂಬಲ್ಯಾ ಅನ್ನಾಕತ್ತಾಳ!"

ಹೆಸರು ಕೂಗಿದ ಅದೇ ಬಾಜೂ ಮನೆಯವಳು. ಅವ್ವನ ಮುಖ ಬೆಳ್ಳಗಾಯಿತು.

ಮೂರನೇ ಸಲ ಬರುವಾಗ ಮನೆ ಮುಂದೆ ಒಂದು ಎಮ್ಮೆ ರಸ್ತೆಗೆ ಅಡ್ಡ ನಿಂತಿತ್ತು. ಅಪ್ಪ ಬ್ರೇಕ್ ಒತ್ತಲೇಬೇಕಾಯಿತು. ಅವ್ವ ಬಾಗಿಲು ತೆಗೆದು ಒಂದು ಕಾಲು ಹೊರಗಿಟ್ಟಳು. ಅಷ್ಟರಲ್ಲಿ ಮಾಮಾನ ಮಗಳು ಹಸಿರು ಬಳೆ ಸದ್ದು ಮಾಡುತ್ತ ಮೆಟ್ಟಿಲಿಳಿದು ಬಂದು, "ಒಳಗ ಸರೀರಿ ಅತ್ತಿ, ಕರೆಂಟ್ ಹೋಗೈತಿ, ಈ ಹೂವಿನ ಜಡ್ಯಾಗ ನಾ ಕುದ್ದ ಹೋಗೇನಿ. ಏಸಿ ಐತಿಲ್ಲೊ?" ಎಂದು ಅವ್ವನನ್ನು ಒಳಗೆ ದಬ್ಬಿ ತಾನೂ ಕೂತು ಬಾಗಿಲು ಹಾಕಿಕೊಂಡಳು. ಎಮ್ಮೆ ಸರಿಯಿತು. ಅಪ್ಪ ಗಾಡಿ ಬಿಟ್ಟ.

ಹಿಂದೆಯೇ ಮಾಮಾನ ಬೈಕು. ಈ ಸಲ ಅವನ ಬೆನ್ನಿಗೆ ಕುಬಸಕ್ಕೆ ಬಂದ ಕಟಕೋಳದ ಅಯ್ಯನವರು, ಒಂದು ಕೈಯಲ್ಲಿ ಪಂಚೆ, ಇನ್ನೊಂದರಲ್ಲಿ ಮಾಮಾನ ಭುಜ. ಕಿಟಕಿಗೆ ಸಮ ಬಂದು ಕೂಗಿದರು: "ಈಗ ವ್ಯಾಳ್ಯಾ ಐತ್ರೆವಾ! ತುಂಬ್ರಿ!"

ಅವ್ವ ಸೋದರಸೊಸೆಯ ಸೆರಗು ಹಿಡಿದಳು. ನಾನು ಬುಟ್ಟಿ ಹಿಡಿದೆ. ಅಪ್ಪ, "ಗೇರ್ ಹಾಕಾಕತ್ತೇನಿ, ಗಟ್ಟಿ ಹಿಡ್ಕೋರಿ" ಎಂದ. ಅಕ್ಕಿ ಬಿತ್ತು, ಕೊಬ್ಬರಿ ಬಿತ್ತು, ಉತ್ತತ್ತಿಯಲ್ಲಿ ಅರ್ಧ ಉಡಿಗೆ, ಅರ್ಧ ಸೀಟಿನ ಸಂದಿಗೆ. ಅಯ್ಯನವರ ಮಂತ್ರ ಗಾಳಿಗೆ ಹಾರಿ ತುಂಡು ತುಂಡಾಗಿ ಒಳಗೆ ಬಂತು. ಎಲ್ಲರಿಗಿಂತ ಮೊದಲು, ಕಟ್ಟೆಯ ಮೇಲಿನ ಅಷ್ಟೂ ಜನಕ್ಕಿಂತ ಮೊದಲು, ನಮ್ಮ ಅವ್ವ ಉಡಿ ತುಂಬಿದಳು. ತುಂಬಿ, ಸೊಸೆಯ ಗಲ್ಲ ಹಿಡಿದು, ಅಳುತ್ತ ನಗತೊಡಗಿದಳು.

ಹಳದಿ ದೀಪ ಆರಿತು. "ಹೋತು ಮಸಿ!" ಎಂದು ಅಪ್ಪ, ತಾನೇ ಕೈಯಿಂದ ಉಜ್ಜಿ ತೆಗೆದವನ ಹಾಗೆ, ಉಸಿರು ಬಿಟ್ಟು ಗಾಡಿ ತಿರುಗಿಸಿದ.

ದೂರದಲ್ಲಿ ಮನೆ ಕಂಡಿತು. ಆರತಿ ತಟ್ಟೆ ಹಿಡಿದವರು ಕಟ್ಟೆ ಬಿಟ್ಟು ರಸ್ತೆಗೇ ಬಂದಿದ್ದರು. ಮಾಮಾನ ಮಗಳು ತಣ್ಣನೆ ಗಾಳಿಗೆ ಮುಖವೊಡ್ಡಿ, ಉಡಿಯೊಳಗಿನ ಉತ್ತತ್ತಿ ಒಂದನ್ನು ಬಾಯಿಗೆ ಹಾಕಿಕೊಂಡು, ನಮ್ಮ ಅಪ್ಪನನ್ನು ಮೆತ್ತಗೆ ಕೇಳಿದಳು: "ಮಾಮಾ, ಮನ್ಯಾಗಿಂದ ನನ್ನ ಯಾರೂ ಹೊರಗ ಬಿಟ್ಟಿಲ್ರಿ. ಹ್ಯಾಂಗೂ ಹೊಂಟೇವಿ, ತೊರಗಲ್ಲ ಊರಿನ ಹಳೇ ಕ್ವಾಟಿ ತನಕ ಹೋಗಿ ಬರೂಣೇನ್ರಿ?"

ಅಪ್ಪ ಕನ್ನಡಿಯಲ್ಲಿ ಅವ್ವನನ್ನು ನೋಡಿದ. ಅವ್ವ ಕಿಟಕಿಯಾಚೆ ನೋಡಿದಳು. ಎಡಕ್ಕೆ ಹೊರಳಿದರೆ ಮನೆ, ನೆಟ್ಟಗೆ ಹೋದರೆ ರಸ್ತೆ. ಇಂಡಿಕೇಟರ್ ಯಾವ ಕಡೆಗೂ ಮಿಣುಕಲಿಲ್ಲ.