ಕಾಣದ ಸಿಮ್ಮು, ಕುಬಸದ ಸೀರೆ

ಒಂದೇ ಫೋನಿನಲ್ಲಿ ಎರಡು ನಂಬರ್ ಇಟ್ಟುಕೊಳ್ಳುವುದೇನು ಮಹಾವಿದ್ಯೆ! ಬೆಳಗಾವಿಯ ಹೈಸ್ಕೂಲೊಂದರಲ್ಲಿ ಮಕ್ಕಳಿಗೆ ವಿದ್ಯುತ್ತು, ಅಯಸ್ಕಾಂತ, ತರಂಗ ಎಲ್ಲವನ್ನೂ ಕಲಿಸುವ ನನಗೆ ಅದು ನೀರು ಕುಡಿದಷ್ಟು ಸುಲಭ ಎಂದೇ ನಾನು ನಂಬಿದ್ದೆ. ನೀರು ನೆತ್ತಿಗೇರಿದ್ದು ಆಮೇಲೆ.

ಎಲ್ಲಾ ಶುರುವಾದದ್ದು ತಂಗಿಯ ಕುಬಸದಿಂದ, ಅಂದರೆ ಸೀಮಂತದಿಂದ. ತಂಗಿ ಮಹಾದೇವಿಯನ್ನು ಕೊಟ್ಟದ್ದು ಖಾನಾಪುರಕ್ಕೆ. ಬಹಳ ವರ್ಷ ಕಾದ ಮೇಲೆ ಈಗ ಬಸುರಿ. ನಮ್ಮ ಕಡೆ ಕುಬಸಕ್ಕೆ ತವರಿನವರು ಹಸಿರು ಸೀರೆ, ಹಸಿರು ಬಳೆ, ಬುತ್ತಿ ಒಯ್ಯಬೇಕು. ಬಸುರಿ ಆ ಸೀರೆ ಉಟ್ಟು ಮಣೆಯ ಮೇಲೆ ಕೂತ ಮೇಲೆಯೇ ಆರತಿ. ನಮ್ಮ ಅಪ್ಪ, ಅವ್ವ ಇಬ್ಬರೂ ಇಲ್ಲ. ಅಂದಮೇಲೆ ಅವಳ ತವರು ಅಂದರೆ ನಾನೇ.

"ಅಣ್ಣಾ, ನನಗ ಬ್ಯಾರೆ ಏನೂ ಬ್ಯಾಡ. ಸೀರಿ ಮಾತ್ರ ನೀನ ಕೈಯಾರೆ ತಗೊಂಡು ಬಾ" ಎಂದಿದ್ದಳು ಫೋನಿನಲ್ಲಿ. "ಮಂದಿ ಬಂದಿರ್ತಾರ. ಅವ್ವ ಇಲ್ಲದ ತವರು ಹಿಂಗನ ಅಂತ ಒಂದು ಮಾತು ಬರಬಾರ್ದು ನೋಡು."

ಅವಳ ದನಿ ಸಣ್ಣಗೆ ನಡುಗಿತ್ತು. ಹೆಂಡತಿ ಶಕುಂತಲಾಳನ್ನು ಕರೆದುಕೊಂಡು ಬೆಳಗಾವಿಯ ಅಂಗಡಿಗಳನ್ನೆಲ್ಲ ತಿರುಗಿ, ಎಲೆಹಸಿರಿನ ಇಳಕಲ್ ಸೀರೆಯೊಂದನ್ನು ತಂದು ತಿಜೂರಿಯಲ್ಲಿಟ್ಟೆ.

ಇನ್ನೊಂದು ತೊಡಕಿತ್ತು. ತಂಗಿಯ ಮನೆಯಲ್ಲಿ ನನ್ನ ಸಿಮ್ಮಿಗೆ ರೇಂಜ್ ಬರುವುದಿಲ್ಲ. ಅವಳ ಗಂಡ ಸುರೇಶರು ಪ್ರತಿ ಸಲ ಚುಚ್ಚುತ್ತಾರೆ: "ಮಾಸ್ತರ, ನಿಮ್ಮ ಫೋನು ನಮ್ಮ ಮನ್ಯಾಗ ಬರೇ ಟೈಮ್ ತೋರಸತೈತಿ ನೋಡ್ರಿ." ಈ ಸಲ ಅವರ ಬಾಯಿ ಮುಚ್ಚಿಸಲೇಬೇಕೆಂದು ಅಲ್ಲಿ ರೇಂಜ್ ಬರುವ ಕಂಪನಿಯ ಸಿಮ್ ಕೇಳಲು ಅನಗೋಳದ ನಮ್ಮ ಓಣಿಯ ಮೊಬೈಲ್ ಅಂಗಡಿಗೆ ಹೋದೆ.

"ಸರ್, ನಿಮ್ಮ ಫೋನಿನ್ಯಾಗ ಸಿಮ್ ಇಡೂ ಜಾಗಾ ಒಂದ ಐತ್ರಿ. ಎರಡನೇದು ಇಸಿಮ್ ತಗೋರಿ" ಎಂದು ಅಂಗಡಿಯವ ಒಂದು ಕಾಗದ ಕೊಟ್ಟು, ಅದರ ಮೇಲಿನ ಚೌಕಳಿ ಚಿತ್ರಕ್ಕೆ ನನ್ನ ಫೋನು ಹಿಡಿದ. ಏನೇನೋ ಒತ್ತಿದ. ಫೋನು ವಾಪಸ್ ಕೊಟ್ಟ. ನಾನು ಅಂಗೈ ಚಾಚಿ ನಿಂತೇ ಇದ್ದೆ.

"ಸಿಮ್?"

"ಹಾಕೀನಲ್ರಿ, ಸರ್."

"ಯಾವಾಗ? ನಾ ನೋಡಲೇ ಇಲ್ಲ!"

"ಅದು ಕಾಣೂದಿಲ್ರಿ."

ಮನೆಗೆ ಬಂದು ಹೆಂಡತಿಗೆ ಹೇಳಿದೆ. ಅವಳಿಗೆ ಮೊದಲೇ ಅನುಮಾನ ಜಾಸ್ತಿ. "ಕಾಣೂದಿಲ್ಲ ಅಂದ್ರ ಅಂವ ಹಾಕಿದ್ದು ಖರೇನೋ ಸುಳ್ಳೋ ಹೆಂಗ ತಿಳೀಬೇಕು?"

"ಶಕೂ, ಗಾಳಿ ಕಣ್ಣಿಗೆ ಕಾಣತೈತೇನು?"

"ಗಾಳಿಗೆ ಯಾರೂ ರೊಕ್ಕಾ ಕೊಡೂದಿಲ್ರಿ."

ವಿಜ್ಞಾನದ ಗಂಧವಿಲ್ಲದವರೊಡನೆ ವಾದವೇಕೆ ಎಂದು ಫೋನಿನ ಕಡೆ ತಿರುಗಿದೆ. ಎರಡೂ ಸಿಮ್ಮಿಗೆ ಹೆಸರಿಡಿ ಎಂದು ಅದು ಕೇಳುತ್ತಿತ್ತು. ಹಳೆಯದಕ್ಕೆ 'ಬೆಳಗಾವಿ', ಹೊಸದಕ್ಕೆ 'ಖಾನಾಪುರ' ಎಂದು ಶಾಸ್ತ್ರೋಕ್ತವಾಗಿ ನಾಮಕರಣ ಮಾಡಿದೆ. ಇಷ್ಟಾದ ಮೇಲೆ ಇನ್ನೇನು? ಬೆಳಗಾವಿಯಲ್ಲಿದ್ದಾಗ ಫೋನು ಬೆಳಗಾವಿ ನಂಬರಿನಿಂದ ಮಾತಾಡುತ್ತದೆ, ಪೀರನವಾಡಿ ದಾಟಿ ಖಾನಾಪುರ ಮುಟ್ಟಿದ ಕೂಡಲೇ ತಾನೇ ತಿಳಿದು ಖಾನಾಪುರಕ್ಕೆ ಬದಲಾಗುತ್ತದೆ! ಇದು ನನ್ನ ಸ್ವಂತ ಸಿದ್ಧಾಂತ. ಕರೆ ಮಾಡಲು ಯಾವುದನ್ನು ಬಳಸಲಿ ಎಂದೂ ಫೋನು ಕೇಳಿತು. ಹೋಗುವುದೇ ಖಾನಾಪುರಕ್ಕಲ್ಲವೇ, 'ಖಾನಾಪುರ' ಎಂದು ಒತ್ತಿದೆ.

"ಹೊಸಾ ನಂಬರ್ ನನ್ನ ಫೋನಿನ್ಯಾಗ ಸೇವ್ ಮಾಡಿಕೊಡ್ರಿ" ಎಂದಳು ಶಕುಂತಲಾ.

"ಬೇಕಾಗೂದಿಲ್ಲ. ಫೋನು ಒಂದ, ಮಾತಾಡಾಂವ ನಾ ಒಬ್ಬನ. ನಿನಗ ನನ್ನ ಹೆಸರ ಕಾಣತೈತಿ."

ಎಂಥ ಆತ್ಮವಿಶ್ವಾಸ! ಈಗ ನೆನೆದರೆ ಮೈ ಜುಮ್ಮೆನ್ನುತ್ತದೆ.

ಇಲ್ಲಿ ಇನ್ನೊಂದು ವಿಷಯ ಹೇಳಲೇಬೇಕು. ಕೆಲವು ತಿಂಗಳ ಹಿಂದೆ ನಮ್ಮ ಓಣಿಯ ಅಜ್ಜಿಯೊಬ್ಬರಿಗೆ ಯಾರೋ ಮೊಮ್ಮಗನ ದನಿಯಲ್ಲೇ ಫೋನು ಮಾಡಿ ಮೋಸ ಮಾಡಲು ನೋಡಿದ್ದರು. ಕೂಡಲೇ ನಾನು ಓಣಿಯವರನ್ನೆಲ್ಲ ಕೂಡಿಸಿ ಭಾಷಣ ಬಿಗಿದಿದ್ದೆ: "ಗುರುತಿಲ್ಲದ ನಂಬರಿನಿಂದ ಯಾರರೆ ಫೋನ್ ಮಾಡಿ ಅನಾಹುತ ಆಗೇತಿ ಅಂದ್ರ ನಂಬಬ್ಯಾಡ್ರಿ. ನನ್ನ ದನಿ ಇದ್ರೂ ನಂಬಬ್ಯಾಡ್ರಿ!" ಚಪ್ಪಾಳೆಯೂ ಬಿದ್ದಿತ್ತು. ಮನೆಗೆ ಬಂದು ಹೆಂಡತಿಗೆ ವಿಶೇಷ ತರಬೇತಿ ಕೊಟ್ಟೆ. ಅಂಥ ಕರೆ ಬಂದರೆ ಒಂದು ಪ್ರಶ್ನೆ ಕೇಳಬೇಕು: "ನೀವು ನನ್ನ ನೋಡಾಕ ಬಂದ ದಿನ ನಾ ಯಾವ ಬಣ್ಣದ ಸೀರಿ ಉಟ್ಟಿದ್ನಿ?" ಉತ್ತರ ನಮ್ಮಿಬ್ಬರಿಗೇ ಗೊತ್ತು. ತಪ್ಪು ಹೇಳಿದರೆ ಫೋನ್ ಕಟ್ ಮಾಡಬೇಕು, ನಂಬರ್ ಬ್ಲಾಕ್ ಮಾಡಬೇಕು. ಪ್ರಶ್ನೆ ರಚಿಸಿದವನು ನಾನೇ. ಬಹಳ ಬುದ್ಧಿವಂತಿಕೆಯ ಪ್ರಶ್ನೆ ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡಿದ್ದೆ.

ಕುಬಸದ ದಿನ ಬಂತು. ಪಕ್ಕದ ಮನೆಯ ವಸಂತಕಾಕಾನ ಗಾಡಿಯಲ್ಲಿ ಶಕುಂತಲಾ, ಓಣಿಯ ಹೆಣ್ಣುಮಕ್ಕಳು, ಬುತ್ತಿ ಎಲ್ಲ ಆಮೇಲೆ ಬರುವುದು. ನಾನು ಸೀರೆ, ಬಳೆ, ಸಿಹಿಗೆಂದು ಕುಂದಾ ಹಿಡಿದು ಮೊದಲ ಬಸ್ಸಿಗೇ ಹೋಗುವುದು ಎಂದು ಗೊತ್ತಾಗಿತ್ತು. ಆ ಇಸಿಮ್ಮಿನ ಕಾಗದವನ್ನು ಜೋಪಾನವಾಗಿರಲಿ ಎಂದು ತಿಜೂರಿಯಲ್ಲಿ ಸೀರೆಯ ಕೆಳಗೇ ಇಟ್ಟಿದ್ದೆ. ಬೆಳಿಗ್ಗೆ ಸೀರೆ ಎತ್ತಿ ಅಲ್ಲೇ ಪಕ್ಕಕ್ಕಿಟ್ಟೆ. ಕಾಗದವನ್ನು ಮಡಿಕೆ ಬೀಳದಂತೆ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಬ್ಯಾಗಿಗೆ ಸೇರಿಸಿದೆ. ತಿಜೂರಿ ಮುಚ್ಚಿದೆ.

ಖಾನಾಪುರದಲ್ಲಿ ತಂಗಿಯ ಮನೆ ಮುಂದೆ ಪೆಂಡಾಲು ಏಳುತ್ತಿತ್ತು. ಫೋನು ನೋಡಿದರೆ 'ಖಾನಾಪುರ' ಅಂತ ಬರೆದಲ್ಲಿ ತುಂಬಾ ರೇಂಜು! ಸುರೇಶರಿಗೆ ತೋರಿಸಿ ಮೀಸೆ ತಿರುವಿದೆ. ತಂಗಿಯ ಅತ್ತೆ ಗಂಗವ್ವ ಚಹಾ ಕೊಟ್ಟು, "ತವರಿನ ಸೀರಿ ತಂದೀರಿಲ್ರಿ, ಮಾಸ್ತರ? ಮಂದಿ ಎಲ್ಲಾ ನೋಡಬೇಕಂತಾರ" ಎಂದರು.

"ತರಲಾರದ ಇರ್ತೀನೇನ್ರಿ, ಅತ್ತ್ಯಾರ!" ಎಂದು ಒಳಕೋಣೆಗೆ ಹೋಗಿ ಬ್ಯಾಗು ಬಿಚ್ಚಿದೆ. ಬಳೆ ಇತ್ತು. ಕುಂದಾದ ಡಬ್ಬಿ ಇತ್ತು. ಕಾಗದ ಇತ್ತು, ಒಂದೂ ಮಡಿಕೆ ಬಿದ್ದಿರಲಿಲ್ಲ. ಸೀರೆ ಅನಗೋಳದ ತಿಜೂರಿಯಲ್ಲಿತ್ತು!

ಶಕುಂತಲಾ ಇನ್ನೂ ಹೊರಟಿರಲಿಕ್ಕಿಲ್ಲ. ಕೋಣೆಯ ಬಾಗಿಲು ಹಾಕಿಕೊಂಡು ಫೋನು ಹಚ್ಚಿದೆ.

"ಶಕೂ! ನಾನು. ಒಂದು ಅನಾಹುತ ಆಗೇತಿ!"

"ಯಾರು?"

"ನಿನ್ನ ಗಂಡ! ಮೊದಲ ಹೋಗಿ ತಿಜೂರಿ ತಗಿ!"

ಆ ಕಡೆಯಿಂದ ಪೊಲೀಸಿನವರ ದನಿ ಬಂತು. ಆದರೆ ಅದು ನನ್ನ ಹೆಂಡತಿಯದೇ.

"ಹೊಸಾ ನಂಬರು. ಅನಾಹುತ ಅಂತೀರಿ. ತಿಜೂರಿ ತಗಿ ಅಂತೀರಿ. ಎಲ್ಲಾ ನಮ್ಮ ಮನಿಯವರು ಹೇಳಿದಂಗ ಐತಿ. ಈಗ ಪ್ರಶ್ನಿಗೆ ಉತ್ತರಾ ಹೇಳ್ರಿ. ನೀವು ನನ್ನ ನೋಡಾಕ ಬಂದ ದಿನ ನಾ ಯಾವ ಬಣ್ಣದ ಸೀರಿ ಉಟ್ಟಿದ್ನಿ?"

ಅಯ್ಯೋ! ಪ್ರಶ್ನೆ ನೆನಪಿತ್ತು. ಉತ್ತರ ಮಾತ್ರ ತಲೆಯಿಂದ ಹಾರಿಹೋಗಿತ್ತು.

"ಕೆಂಪು!"

"ತಪ್ಪು."

"ಹಂಗಾರ ಹಳದಿ."

"ತಪ್ಪು."

"ಹಸರು! ಹೌದು, ಹಸರ ಉಟ್ಟಿದ್ದಿ. ಜರಿ ಅಂಚಿಂದು. ನಿನಗ ನೆನಪಿಲ್ಲ!"

"ನಾ ಏನ ಉಟ್ಟಿದ್ನಿ ಅನ್ನೂದು ನನಗ ನೆನಪಿಲ್ಲ?"

"ಇಲ್ಲ! ನಿನಗ ಯಾವತ್ತ ನೆನಪ ಇರತೈತಿ? ನಾ ಹೇಳೂದ ಖರೇ!"

ಫೋನು ಕಟ್ಟಾಯಿತು. ಮತ್ತೆ ಹಚ್ಚಿದರೆ ಗಂಟೆಯೇ ಹೋಗಲಿಲ್ಲ. ಬ್ಲಾಕ್! ಎಂಥ ಶಿಸ್ತಿನ ವಿದ್ಯಾರ್ಥಿನಿ! ವಾಟ್ಸಾಪಿನಲ್ಲಿ ಬರೆದೆ. ಅಡುಗೆ ಮಾಡುವಾಗ ಅವಳು ನೆಟ್ ಬಂದ್ ಮಾಡಿರುತ್ತಾಳೆ. ಒಂದೇ ಟಿಕ್ ಬಿದ್ದು ನಿಂತಿತು.

ಸುರೇಶರ ಫೋನು ಕೇಳಬಹುದಿತ್ತು. ಆದರೆ ಅವರು ಯಾವಾಗಲೂ ಸ್ಪೀಕರ್ ಹಾಕಿಯೇ ಕೈಗೆ ಕೊಡುವವರು. ತವರಿನವರು ಸೀರೆಯನ್ನೇ ಮರೆತು ಬಂದ ಸುದ್ದಿ ನೇರ ಗಂಗವ್ವನ ಕಿವಿಗೆ! ಬೇಡವೆಂದು ವಸಂತಕಾಕಾನಿಗೆ ಹಚ್ಚಿದೆ. ಕಾಕಾ ಮರಾಠಿಯವನು. ನಮ್ಮ ಜೋಡಿ ಕನ್ನಡದಲ್ಲೇ ಮಾತಾಡುತ್ತಾನೆ. ಸಿಟ್ಟು ಬಂದಾಗ ಮಾತ್ರ ಮರಾಠಿ.

"ಕಾಕಾ, ನಾ ಮಾಸ್ತರ. ನಮ್ಮ ಮನಿಯಾಕಿಗೆ ಒಂದು ಮಾತು ಹೇಳ್ರಿ, ಅರ್ಜಂಟ್ ಐತಿ—"

"ಮಾಸ್ತರ? ಮಾಸ್ತರ ನಂಬರ್ ನನ್ನ ಕಡೆ ಐತಪಾ. ಅವರ ಹೇಳ್ಯಾರ, ಅವರ ದನಿ ಬಂದ್ರೂ ನಂಬಬ್ಯಾಡ್ರಿ ಅಂತ. ನಾಚಿಕಿ ಬರೂದಿಲ್ಲೇನು ನಿನಗ, ಅಂಥಾ ಶಾಣ್ಯಾ ಮನಿಷಾನ ಹೆಸರ ಹೇಳಾಕ? ಠೇವ್ ಫೋನ್!"

ಇಟ್ಟೆ. ಶಾಣ್ಯಾ ಮನುಷ್ಯ ಎಂದು ಕಾಕಾ ನನ್ನನ್ನು ಹೊಗಳಿದ್ದು ಅದೇ ಮೊದಲು. ಕೇಳಿ ಖುಷಿಪಡುವ ಸ್ಥಿತಿಯಲ್ಲಿ ನಾನಿರಲಿಲ್ಲ.

ಇನ್ನುಳಿದದ್ದು ಒಂದೇ ದಾರಿ: ಹಳೆಯ ನಂಬರಿನಿಂದ ಮಾತಾಡುವುದು. ಮಾಳಿಗೆ ಹತ್ತಿದೆ. ನೀರಿನ ಟಾಕಿಯ ಬಾಜೂಕ್ಕೆ ನಿಂತಾಗ 'ಬೆಳಗಾವಿ'ಗೆ ಒಂದು ಕಡ್ಡಿ ರೇಂಜ್ ಬಂತು. ಸಿಕ್ಕಿತು ಎಂದು ಶಕುಂತಲಾಳಿಗೆ ಹಚ್ಚಿದರೆ ಫೋನು ಮತ್ತೆ 'ಖಾನಾಪುರ'ದಿಂದಲೇ ಹೋಯಿತು. ಬ್ಲಾಕ್ ಆದ ನಂಬರು, ಗಂಟೆಯೇ ಹೋಗಲಿಲ್ಲ. ನನಗೆ ದಿಕ್ಕೇ ತೋಚದಾಯಿತು. ನಾನಿರುವುದು ಖಾನಾಪುರ, ರೇಂಜ್ ಬಂದದ್ದು ಬೆಳಗಾವಿಗೆ, ಮಾತಾಡುವುದು ಖಾನಾಪುರ, ಬೈಸಿಕೊಳ್ಳುವುದು ಬೆಳಗಾವಿಯವರಿಂದ! ನಾನು ಯಾವ ಊರಿನವನೆಂಬುದೇ ನನಗೆ ಅನುಮಾನವಾಗತೊಡಗಿತು.

ಈ ಖಾನಾಪುರವನ್ನು ಸುಮ್ಮನಿರಿಸಿದರೆ ಬೆಳಗಾವಿ ತಾನೇ ಬಾಯಿ ಬಿಡುತ್ತದೆ ಎಂದು ಸೆಟ್ಟಿಂಗಿನೊಳಗೆ ನುಗ್ಗಿದೆ. 'ಇಸಿಮ್ ಅಳಿಸಿ' ಎಂಬುದು ಕಣ್ಣಿಗೆ ಬಿತ್ತು. ಒತ್ತಿದೆ. 'ಖಚಿತವೇ?' ಎಂದು ಕೇಳಿತು. ಆ ದಿನ ಬೆಳಗಿನಿಂದ ನನಗೆ ಖಚಿತವಾಗಿದ್ದ ಸಂಗತಿ ಅದೊಂದೇ. ಒತ್ತಿದೆ!

ಖಾನಾಪುರ ಹೋಯಿತು. ಅದೇ ಹೊತ್ತಿಗೆ ಬೆಳಗಾವಿಯ ಆ ಒಂದು ಕಡ್ಡಿಯೂ ಹೋಯಿತು. ಗಾಬರಿಯಿಂದ ಕೆಳಗೆ ಓಡಿ ಬ್ಯಾಗಿನಿಂದ ಕಾಗದ ತಂದು ಮತ್ತೆ ಫೋನು ಹಿಡಿದೆ. ಇಸಿಮ್ ಹಾಕಲು ಮೊದಲು ಇಂಟರ್ನೆಟ್ ಬೇಕು ಎಂದು ತೋರಿಸಿತು. ಸೀರೆ ಬಿಟ್ಟು ಹೊತ್ತು ತಂದ ಕಾಗದ ಕುಂದಾ ಸುತ್ತಲಿಕ್ಕೂ ಬಾರದು.

ಹಳೆಯ ಸಿಮ್ಮಿಗೆ ಧೂಳು ಕೂತಿರಬೇಕೆಂದು ವೈಜ್ಞಾನಿಕವಾಗಿ ಊಹಿಸಿ, ಅಂಗಿಗೆ ಚುಚ್ಚಿದ್ದ ಪಿನ್ನಿನಿಂದ ಅದನ್ನು ಹೊರಗೆ ತೆಗೆದೆ. ಫೂ ಎಂದು ಊದಿದೆ. ಬಹಳ ಚೆನ್ನಾಗಿ ಊದಿದೆ. ಅದು ಬೆರಳಿನಿಂದ ಹಾರಿ, ಮಾಳಿಗೆಯ ಮಳೆನೀರು ಹೋಗುವ ಪೈಪಿನೊಳಗೆ ಇಳಿಯಿತು. ಎರಡು ಸಿಮ್ಮಿನ ಫೋನಿನಲ್ಲಿ ಈಗ ಒಂದೂ ಸಿಮ್ ಇರಲಿಲ್ಲ.

"ಮಾಸ್ತರ, ಸೀರಿ ತಗೊಂಡು ಬರ್ರಿ. ಟೈಮ್ ಆತು!" ಕೆಳಗಿನಿಂದ ಗಂಗವ್ವ ಕೂಗಿದರು.

ಇಳಿದು ಬಂದೆ. ಪಡಸಾಲೆ ತುಂಬ ಹೆಣ್ಣುಮಕ್ಕಳು. ಮಣೆ ಹಾಕಿ ರಂಗೋಲಿ ಬಿಡಿಸಿದ್ದರು. ಮಹಾದೇವಿ ಬಾಗಿಲಲ್ಲಿ ನಿಂತಿದ್ದಳು. ನನ್ನ ಬರಿಗೈ ನೋಡಿದಳು, ಮುಖ ನೋಡಿದಳು.

"ಅಣ್ಣಾ..." ಎಂದು ಹತ್ತಿರ ಬಂದು ಪಿಸುಗುಟ್ಟಿದಳು. "ಮರತು ಬಂದಿಯೇನೋ?"

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ಬೈಯಲಿಲ್ಲ. "ಇರಲಿ ಬಿಡು, ನನ್ನ ಹಳೇ ಹಸರ ಸೀರಿ ಒಂದೈತಿ. ನೀನ ತಂದಿ ಅಂತ ಅದನ್ನ ಉಡ್ತೀನಿ" ಎಂದಳು, ಕಣ್ಣುಗಳು ಮಾತ್ರ ತುಂಬಿದ್ದವು. ಮಕ್ಕಳಿಗೆ ಸುಳ್ಳು ಹೇಳಬಾರದೆಂದು ದಿನಾ ಒದರುವವನು ತಂಗಿಯ ಬಾಯಿಂದ ಸುಳ್ಳು ಹೇಳಿಸುವುದೇ? ಆದದ್ದಾಗಲಿ ಎಂದು ಗಂಗವ್ವನ ಕಡೆ ತಿರುಗಿದೆ.

"ಅತ್ತ್ಯಾರ, ನಂದೊಂದು ದೊಡ್ಡ ತಪ್ಪಾಗೇತ್ರಿ..."

ಹೊರಗೆ ಗಾಡಿಯ ಹಾರ್ನು ಕೇಳಿತು. ವಸಂತಕಾಕಾನ ಗಾಡಿ! ಮೊದಲು ಇಳಿದವಳು ಶಕುಂತಲಾ. ಕೈಯಲ್ಲಿ ತಟ್ಟೆ, ತಟ್ಟೆಯಲ್ಲಿ ಎಲೆಹಸಿರಿನ ಇಳಕಲ್ ಸೀರೆ, ಮೇಲೆ ಹೂವು, ಅರಿಸಿನ, ಕುಂಕುಮ!

"ಏನ ತಪ್ಪಾತ್ರಿ, ಮಾಸ್ತರ?" ಎಂದರು ಗಂಗವ್ವ.

"ಕುಂದಾ ಸ್ವಲ್ಪ ಕಡಿಮಿ ತಂದೀನ್ರಿ" ಎಂದೆ.

ಮಹಾದೇವಿ ಸೀರೆ ಉಟ್ಟು ಮಣೆಯ ಮೇಲೆ ಕೂತಳು. ಬಂದವರೆಲ್ಲ ಸೆರಗು ಮುಟ್ಟಿ ಮುಟ್ಟಿ ನೋಡಿದರು. "ತವರಿನವರು ಛಲೋ ಸೀರಿ ತಂದಾರ" ಎಂದು ಯಾರೋ ಅಂದರು. ತಂಗಿ ತಲೆ ಎತ್ತಿ ನನ್ನನ್ನು ನೋಡಿ ನಕ್ಕಳು. ಅವ್ವನ ನಗುವೇ ಅದು. ನಾನು ಕರ್ಚೀಫು ಹುಡುಕಿದೆ. ಅದೂ ಮನೆಯಲ್ಲೇ ಉಳಿದಿತ್ತು.

ಊಟಕ್ಕೆ ಕೂತಾಗ ವಸಂತಕಾಕಾ ಬಾಜೂಕ್ಕೆ ಬಂದು, "ಮಾಸ್ತರ, ಮುಂಜಾನೆ ಒಬ್ಬ ಕಳ್ಳ ನಿಮ್ಮ ಹೆಸರಲೆ ಫೋನ್ ಮಾಡಿದ್ದ. ಹೆಂಗ ಬೈದೆ ಅಂತೀರಿ!" ಎಂದ.

"ಛಲೋ ಮಾಡಿದ್ರಿ, ಕಾಕಾ" ಎಂದು ಕಡಬು ಮುರಿದೆ.

ಹೋಳಿಗೆ ಬಡಿಸಲು ಬಂದ ಶಕುಂತಲಾಳನ್ನು ಮೆಲ್ಲಗೆ ಕೇಳಿದೆ. "ನೀ ಫೋನ್ ಕಟ್ ಮಾಡಿದಿ, ಬ್ಲಾಕ್ ಮಾಡಿದಿ. ಮತ್ತ ಸೀರಿ ಹೆಂಗ ತಂದಿ?"

"ತಪ್ಪ ಉತ್ತರಕ್ಕ ಬ್ಲಾಕ್ ಮಾಡಬೇಕಂತ ರೂಲ್ಸ್ ಮಾಡಿದವ್ರು ನೀವಲ್ಲೇನ್ರಿ? ಮಾಡಿದ್ನಿ. ಆದರ ಅದು ನೀವ ಅಂತ ಗೊತ್ತಾತು. ತಿಜೂರಿ ತಗದು ನೋಡಿದ್ನಿ, ಸೀರಿ ಇತ್ತು. ನಿಮ್ಮ ಹಳೇ ನಂಬರಿಗೆ ಹಚ್ಚಿದ್ನಿ, ಹತ್ತಲಿಲ್ಲ. ಹೊಸಾದಕ್ಕ ಹಚ್ಚಿದ್ನಿ, ಅದೂ ಹತ್ತಲಿಲ್ಲ."

"ನಾನ ಅಂತ ಹೆಂಗ ಗೊತ್ತಾತು? ಮೂರೂ ಉತ್ತರಾ ತಪ್ಪಿದ್ದುವಲ್ಲ!"

"ಅವತ್ತು ನಾ ಸೀರೀನ ಉಟ್ಟಿದ್ದಿಲ್ರಿ. ಟೈಪಿಂಗ್ ಕ್ಲಾಸಿನಿಂದ ಬಂದು ಚೂಡಿದಾರದಾಗ ನಿಂತಿದ್ನಿ. ಕಳ್ಳ ಯಾವುದರೆ ಬಣ್ಣಾ ಹೇಳಿ ಸಿಕ್ಕೊಳ್ಳಲಿ ಅಂತ ನೀವ ಈ ಪ್ರಶ್ನಿ ಮಾಡಿದ್ರಿ."

ಕಳ್ಳನಿಗೆಂದು ನಾನೇ ಹೆಣೆದ ಬಲೆ!

"ಕಳ್ಳ ಆಗಿದ್ರ ಒಂದು ಬಣ್ಣಾ ಹೇಳಿ ಸುಮ್ಮನಾಗತಿದ್ದ" ಎಂದಳು, ಹೋಳಿಗೆಯ ಮೇಲೆ ತುಪ್ಪ ಸುರಿಯುತ್ತ. "ಉಡಲಾರದ ಸೀರೀಗೆ ಜರಿ ಅಂಚ ಹಚ್ಚಿ, ನಿನಗ ನೆನಪಿಲ್ಲ ಅಂತ ನನಗ ದಬಾಯಿಸಾವ್ರು ನೀವ ಒಬ್ಬರ. ಆ ಪ್ರಶ್ನಿ ಬದಲ ಮಾಡಬ್ಯಾಡ್ರಿ. ಉತ್ತರಾನೂ ನೆನಪ ಇಟ್ಕೋಬ್ಯಾಡ್ರಿ. ಹಿಂಗ ಇದ್ರನ ನಿಮ್ಮ ಗುರ್ತು ಹತ್ತತೈತಿ."

ನಾನು ಸುಮ್ಮನೆ ತಲೆಯಾಡಿಸಿದೆ. ತಲೆಯಾಡಿಸಲಿಕ್ಕೆ ಸಿಮ್ ಬೇಕಾಗುವುದಿಲ್ಲ, ನೋಡಿ!