ನಾಗಪ್ಪ ಸೋಪಾನ

ನೆನಪನ್ನು ನಂಬಬಾರದು ಎಂಬುದು ಇತಿಹಾಸದಲ್ಲಿ ಎಂ.ಎ. ಮಾಡಿ ನಾನು ಕಲಿತ ಒಂದೇ ಪಾಠ. ಅದಕ್ಕೇ ಡೈರಿ ಬರೆಯುತ್ತೇನೆ. ಯಾರಾದರೂ ಹಳೆಯ ಸಂಗತಿ ಹೇಳಿದರೆ ಎದುರಿಗೆ ತಲೆಯಾಡಿಸಿ, ಮನೆಗೆ ಬಂದು ಪುಟ ತಿರುವಿ ತಾಳೆ ನೋಡುವ ಕೆಟ್ಟ ಚಾಳಿ ನನ್ನದು. ಇದರಿಂದ ಸ್ನೇಹಿತರು ಕಡಿಮೆಯಾಗಿದ್ದಾರೆ. ಉಳಿದವರು ನನ್ನ ಹತ್ತಿರ ಬರೀ ಮಳೆ, ಬಿಸಿಲಿನ ವಿಷಯ ಮಾತಾಡುತ್ತಾರೆ.

ಕಳೆದ ವಾರ ನಮ್ಮ ಪೇಟೆಯ ಮಾಜಿ ಅಧ್ಯಕ್ಷ ನಾಗಪ್ಪಣ್ಣನ ನುಡಿನಮನಕ್ಕೆ ಹೋಗಿ ಮೈಯೆಲ್ಲ ಉರಿಸಿಕೊಂಡು ಬಂದೆ. ಮೊದಲು ವಾರ್ಡಿನ ಸದಸ್ಯ, ಆಮೇಲೆ ಪಟ್ಟಣ ಪಂಚಾಯಿತಿಯ ಅಧ್ಯಕ್ಷ. ಆತನ ಸಾಧನೆ ಏನೆಂದರೆ ಪಾಯಸ. ಯಾರ ಮನೆಯ ಮದುವೆಯೇ ಆಗಲಿ, ಪಂಕ್ತಿ ಕೂತೊಡನೆ ಶಾಲನ್ನು ಸೊಂಟಕ್ಕೆ ಬಿಗಿದು ಪಾಯಸದ ಬಕೆಟ್ ಹಿಡಿದುಬಿಡುತ್ತಿದ್ದ. "ಎಂತ ಮಾರಾಯ, ಇಷ್ಟೇ ಸಾಕಾ?" ಎಂದು ಬೇಡವೆಂದವರ ಎಲೆಗೂ ಒಂದು ಸೌಟು ಸುರಿಯುತ್ತಿದ್ದ. ಬಡಿಸಿದ ಕೈಗೆ ಊರು ಓಟು ಹಾಕಿತು. ನಮ್ಮ ಗುಡ್ಡದ ಕೇರಿಗೆ ಮಾತ್ರ ದಾರಿ ಬರಲಿಲ್ಲ. ಮಳೆ ಹಿಡಿದರೆ ನಾವು ಪೇಟೆಗೆ ಇಳಿಯುತ್ತಿರಲಿಲ್ಲ, ಜಾರುತ್ತಿದ್ದೆವು.

ಒಂದು ವರ್ಷ ಮುಂಗಾರಿನ ಮೊದಲ ಮಳೆಗೇ ಜಾರಿ ಕೈ ಮುರಿದುಕೊಂಡವರು ಕಮಲಕ್ಕ. ಕಮ್ಮರಡಿ ಕಡೆಗೆ ಅಡಿಕೆ ಸುಲಿಯಲು ಹೋಗುವವರು. ಕೈಯೇ ಅವರ ಅನ್ನ. ಪ್ರತಿ ಸೋಮವಾರ ಪಂಚಾಯಿತಿ ಕಚೇರಿಗೆ ಬಂದು, ಅಧ್ಯಕ್ಷ ಚಪ್ಪಲಿ ಬಿಡುವ ಜಾಗದಲ್ಲೇ ಬ್ಯಾಂಡೇಜಿನ ಕೈ ಇಟ್ಟುಕೊಂಡು ಕೂತರು. ಮಾತಿಲ್ಲ, ಕೂಗಿಲ್ಲ. ಚಪ್ಪಲಿ ಬಿಡಲು ಜಾಗವಿಲ್ಲದೆ ಅಧ್ಯಕ್ಷ ದೀಪಾವಳಿಯೊಳಗೆ ಸೋತ, ಗುಡ್ಡಕ್ಕೆ ಮೆಟ್ಟಿಲು ಬಂತು. ಅವರಿಗೆ ಅರ್ಜಿ ಬರೆದುಕೊಟ್ಟವನು ನಾನೇ ಎಂಬುದನ್ನು ಸಂಕೋಚದಿಂದಲೇ ಹೇಳುತ್ತೇನೆ.

ಈಗ ನೋಡಿದರೆ, ಮೈಕು ಹಿಡಿದವರಿಗೆಲ್ಲ ಆ ಮೆಟ್ಟಿಲು ನಾಗಪ್ಪಣ್ಣ ಕಂಡ ಕನಸು. ಕಮಲಕ್ಕನ ಹೆಸರನ್ನು ಒಬ್ಬರೂ ಎತ್ತಲಿಲ್ಲ. ಮೆಟ್ಟಿಲಿಗೆ 'ನಾಗಪ್ಪ ಸೋಪಾನ' ಎಂಬ ಬೋರ್ಡೂ ಸಿದ್ಧವಂತೆ. ಆಕ್ಷೇಪಣೆ ಇದ್ದವರು ವಾರದೊಳಗೆ ಬರೆದುಕೊಡಬೇಕು. ನಾನು ಸಭೆಯಿಂದ ನೇರ ಕಮಲಕ್ಕನ ಅಂಗಳಕ್ಕೆ ಹೋದೆ.

"ಸುಳ್ಳಿಗೂ ಒಂದು ಮಿತಿ ಬೇಡವಾ ಕಮಲಕ್ಕ? ನಿಮ್ಮ ಹೆಸರೇ ಇಡಬೇಕು ಅಂತ ಬರೆದುಕೊಡ್ತೇನೆ."

ಅವರು ಅಂಗಳ ಗುಡಿಸುತ್ತಲೇ, "ನನ್ ಹೆಸ್ರು ಎಂತಕ್ಕೆ? ಊರವ್ರೆಲ್ಲ ದಿನಾ ತುಳಿಯೂಕಾ?" ಎಂದರು. "ಮೇಲಿಂದ ಐದನೇ ಮೆಟ್ಲು ಅಲ್ಲಾಡ್ತದೆ, ಅದನ್ನ ಬರೀರಿ." ಆಮೇಲೆ ಪೊರಕೆ ನಿಲ್ಲಿಸಿ ನನ್ನ ಮುಖ ನೋಡಿದರು. "ಈ ಸಲ ಪೆನ್ನಲ್ಲಿ ಇಂಕು ಉಂಟಲ್ಲ ಮಾರಾಯ್ರೆ?"

ನನಗೆ ಅರ್ಥವಾಗಲಿಲ್ಲ. ಸಾಕ್ಷಿಗೆ ಬೇಕೆಂದು ಆ ವರ್ಷದ ಡೈರಿ ತೆಗೆದೆ. ನನ್ನದೇ ಅಕ್ಷರ: "ಕಮಲಕ್ಕ ಅರ್ಜಿ ಬರೆಸಲು ಬಂದಿದ್ದರು. ನಾಡಿದ್ದು ತಂಗಿಯ ಮದುವೆ, ಅಧ್ಯಕ್ಷರು ಬರುವವರು. ಈಗ ಅವರ ಮೇಲೆ ಬರೆದರೆ ಚೆನ್ನಾಗಿರುವುದಿಲ್ಲ. ಪೆನ್ನಿನಲ್ಲಿ ಇಂಕಿಲ್ಲ ಎಂದೆ." ಇಷ್ಟನ್ನೂ ಬರೆದದ್ದು ಅದೇ ಪೆನ್ನಿನಲ್ಲಿ. ಅರ್ಜಿ ಬರೆದುಕೊಡುವವರು ಸಿಗದೆಯೇ ಆ ಹೆಂಗಸು ಚಪ್ಪಲಿ ಬಿಡುವಲ್ಲಿ ಹೋಗಿ ಕೂತದ್ದು.

ಆಕ್ಷೇಪಣೆ ಬರೆದಿದ್ದೇನೆ, ಐದನೇ ಮೆಟ್ಟಿಲನ್ನೂ ಸೇರಿಸಿದ್ದೇನೆ. ನಾಗಪ್ಪಣ್ಣನ ಮೇಲಿನ ಸಿಟ್ಟೇನೂ ಇಳಿದಿಲ್ಲ. ಆದರೆ ಸಹಿ ಹಾಕುವ ಮೊದಲು ಡೈರಿಯ ಮುಂದಿನ ಪುಟ ತಿರುವಬಾರದಿತ್ತು. ಮದುವೆಯ ದಿನದ್ದು, ಒಂದೇ ಸಾಲು: "ಪಾಯಸ ಚೆನ್ನಾಗಿತ್ತು, ಅಧ್ಯಕ್ಷರು ಒತ್ತಾಯ ಮಾಡುವ ಮೊದಲೇ ಇನ್ನೊಂದು ಸೌಟು ಕೇಳಿ ಹಾಕಿಸಿಕೊಂಡೆ."