ನೆಲಕ್ಕೆ ಬಿದ್ದ ರೂಪಾಯಿಯ ಸದ್ದು

ಅಪಾಯವಿಲ್ಲದ ಹವ್ಯಾಸ ಯಾವುದು ಎಂದು ಯಾರಾದರೂ ಕೇಳಿದರೆ, ಮೂರು ತಿಂಗಳ ಹಿಂದಿನವರೆಗೂ ನಾನು ಎದೆ ತಟ್ಟಿಕೊಂಡು ನಾಣ್ಯ ಸಂಗ್ರಹ ಎನ್ನುತ್ತಿದ್ದೆ. ಬೆಟ್ಟ ಹತ್ತುವವರು ಜಾರಿ ಬೀಳುತ್ತಾರೆ, ಹಾವು ಹಿಡಿಯುವವರು ಕಚ್ಚಿಸಿಕೊಳ್ಳುತ್ತಾರೆ, ಮನೆಯಲ್ಲಿ ಸಂಗೀತ ಕಲಿಯುವವರು ಅಕ್ಕಪಕ್ಕದವರ ಶಾಪಕ್ಕೆ ಗುರಿಯಾಗುತ್ತಾರೆ. ನಾಣ್ಯ ಕೂಡಿಸುವವನಿಗೆ ಹೆಚ್ಚೆಂದರೆ ಕತ್ತುನೋವು, ಅದೂ ಬಗ್ಗಿ ನೋಡಿ ನೋಡಿ. ಈಗ ಆ ಮಾತು ಆಡುವುದಿಲ್ಲ. ಆಡಲು ಹೊರಟರೆ ಕಿವಿಯೊಳಗೆ ಒಂದು ಸದ್ದು ಕೇಳುತ್ತದೆ. ಅದರ ವಿಷಯವನ್ನು ಮನೆಯಲ್ಲಿ ಯಾರಿಗೂ ಹೇಳಿಲ್ಲ. ನಿಮಗಾದರೂ ಹೇಳಿ ಹಗುರಾಗೋಣ ಎಂದು ಕುಳಿತಿದ್ದೇನೆ.

ನಾನು ಕೂಡಿಸುವುದು ನಮ್ಮ ದೇಶದ ನಾಣ್ಯಗಳನ್ನು ಮಾತ್ರ. ನಮ್ಮ ಆಫೀಸಿನಲ್ಲಿ ಇನ್ನೊಬ್ಬರಿದ್ದಾರೆ, ಅವರ ಬಳಿ ನಾನು ಹೆಸರೇ ಕೇಳಿರದ ದೇಶಗಳ ನಾಣ್ಯಗಳಿವೆ. "ಏನ್ ಗುರುಗಳೇ, ಇಂಡಿಯಾ ಒಂದೇನಾ? ಬೋರ್ ಆಗಲ್ವಾ?" ಎಂದು ಕಿಚಾಯಿಸುತ್ತಾರೆ. ಅವರದು ಮದುವೆಮನೆಯ ಬಾಗಿಲಲ್ಲಿ ನಿಂತು ಬಂದವರಿಗೆಲ್ಲ ಕೈಮುಗಿಯುವ ಕೆಲಸ, ನನ್ನದು ಸಂಸಾರ. ಒಂದೇ ಮುಖವನ್ನು ದಿನಾ ನೋಡುವವನಿಗೆ ಅದರ ಮೇಲಿನ ಮಚ್ಚೆಗಳೂ ಗೊತ್ತಿರುತ್ತವೆ. ನಮ್ಮ ನಾಣ್ಯಗಳ ಮಚ್ಚೆ ಇಸವಿಯ ಕೆಳಗಿರುತ್ತದೆ. ಮುಂಬಯಿಯಲ್ಲಿ ಅಚ್ಚಾದದ್ದಕ್ಕೆ ವಜ್ರದ ಆಕಾರ, ಹೈದರಾಬಾದಿನದಕ್ಕೆ ನಕ್ಷತ್ರ, ನೋಯಿಡಾದ್ದಕ್ಕೆ ಚುಕ್ಕಿ, ಕೋಲ್ಕತ್ತದ್ದಕ್ಕೆ ಏನೂ ಇಲ್ಲ. ಇದನ್ನು ತಿಳಿದ ಮೇಲೆ ಕೈಗೆ ಬಂದ ಚಿಲ್ಲರೆಯನ್ನು ಸುಮ್ಮನೆ ಜೇಬಿಗೆ ಹಾಕಿಕೊಳ್ಳಲು ಆಗುವುದಿಲ್ಲ. ಒಮ್ಮೆ ಮಾಗಡಿ ರಸ್ತೆಯ ಬಸ್ಸಿನಲ್ಲಿ ಕಂಡಕ್ಟರು ರೇಗಿದ್ದ.

"ಸಾರ್, ಚಿಲ್ಲರೆ ಸರಿಯಾಗೇ ಕೊಟ್ಟಿದೀನಿ. ಇನ್ನೇನ್ ಅಷ್ಟೊತ್ತಿಂದ ನೋಡ್ತಿದೀರಾ?"

"ನಕ್ಷತ್ರ ಇದೆಯಾ ಅಂತ ನೋಡ್ತಿದೀನಪ್ಪ."

"ಮಟಮಟ ಮಧ್ಯಾಹ್ನದಲ್ಲಾ?" ಎಂದು ಅವನು ಹಿಂದಿನ ಸೀಟಿನವರನ್ನು ನೋಡಿ ಕಣ್ಣು ಹೊಡೆದ.

ಇದರಲ್ಲಿ ಕಣ್ಣಿನ ಸುಖಕ್ಕಿಂತ ಕಿವಿಯ ಸುಖ ದೊಡ್ಡದು. ಹಳೆಯ ಹತ್ತು ಪೈಸೆಯ ಅಲ್ಯೂಮಿನಿಯಂ ನಾಣ್ಯ ಕಲ್ಲಿನ ಮೇಲೆ ಬಿದ್ದರೆ 'ಟಿಕ್' ಎಂದು ಸುಮ್ಮನಾಗುತ್ತದೆ, ಪಾಪದ ಪ್ರಾಣಿ. ಈಗಿನ ಸ್ಟೀಲಿನ ರೂಪಾಯಿಗೆ ಚಮಚ ಬಿದ್ದಂಥ ಒರಟು ಸದ್ದು. ತಾಮ್ರ ನಿಕ್ಕಲ್ ಬೆರೆಸಿದ ಆ ಹಳೆಯ ದೊಡ್ಡ ರೂಪಾಯಿ ಇದೆಯಲ್ಲ, ಅದು ಬಿದ್ದರೆ ಗಂಟೆಯ ಹಾಗೆ ಅನುರಣಿಸಿ ನಿಧಾನವಾಗಿ ಅಡಗುತ್ತದೆ. ನನ್ನ ಹೆಂಡತಿ ವಸಂತ ಎಷ್ಟೋ ಸಲ ನನ್ನ ಕಣ್ಣಿಗೆ ಟವೆಲ್ ಕಟ್ಟಿ ಅಡುಗೆಕಟ್ಟೆಯ ಮೇಲೆ ಒಂದೊಂದೇ ನಾಣ್ಯ ಬೀಳಿಸಿ ಪರೀಕ್ಷೆ ಮಾಡಿದ್ದಾಳೆ. ನಾನು ತಪ್ಪಿದ್ದಿಲ್ಲ. "ನಾನು ಒಳಗಿಂದ ಹತ್ತು ಸಲ ಕೂಗಿದ್ರೆ ಕೇಳ್ಸಲ್ಲ, ಹತ್ತು ಪೈಸೆ ಬಿದ್ರೆ ಮಾತ್ರ ಕೇಳ್ಸುತ್ತೆ" ಎನ್ನುವುದು ಅವಳು ಕೊಡುವ ಸರ್ಟಿಫಿಕೇಟು.

ನಮ್ಮ ಮನೆ ಹೇರೋಹಳ್ಳಿಯಲ್ಲಿ. ಮಹಡಿಯ ಮೇಲೆ ಬಾಡಿಗೆಗಿರುವವಳು ಬಾಗಲಕೋಟೆ ಕಡೆಯ ರೇಣುಕಾ. ಅವಳ ಗಂಡ ಬೈಕಿನಲ್ಲಿ ಮನೆಮನೆಗೆ ಊಟ ತಲುಪಿಸುತ್ತಾನೆ, ಅವಳು ಮನೆಯಲ್ಲೇ ಬ್ಲೌಸ್ ಹೊಲಿಯುತ್ತಾಳೆ. ಮೂರು ವರ್ಷದ ಮಗಳು ಭೂಮಿ, ಹೊಲಿಗೆ ಯಂತ್ರದ ಸದ್ದು ಶುರುವಾದರೆ ಮೆಟ್ಟಿಲಿಳಿದು ನಮ್ಮ ಮನೆಗೆ ಬರುತ್ತಾಳೆ. ನಾನು ಅವಳಿಗೆ ಅಜ್ಜ.

ಆ ಭಾನುವಾರ ನನ್ನ ಸಂಭ್ರಮ ಹೇಳತೀರದು. ಹನ್ನೊಂದು ವರ್ಷದಿಂದ ಹುಡುಕುತ್ತಿದ್ದ ಒಂದು ದೊಡ್ಡ ರೂಪಾಯಿ ವಿಜಯನಗರದ ಮಾರ್ಕೆಟ್ಟಿನಲ್ಲಿ ಹೂ ಮಾರುವ ಆಂಟಿಯ ಹಳೇ ಡಬ್ಬಿಯಲ್ಲಿ ಸಿಕ್ಕಿತ್ತು. ಇಸವಿ ಹೇಳುವುದಿಲ್ಲ, ಹೇಳಿದರೆ ನೀವೂ ಹುಡುಕಲು ಹೊರಡುತ್ತೀರಿ. ಆ ಇಸವಿಯ ವಜ್ರ ನನ್ನ ಬಳಿ ಇತ್ತು, ನಕ್ಷತ್ರ ಇರಲಿಲ್ಲ. ಮೇಜಿನ ಮೇಲೆ ಆಲ್ಬಮ್ ತೆರೆದು, ನಕ್ಷತ್ರದ ರೂಪಾಯಿಯನ್ನೂ ಅದರೊಂದಿಗೆ ಬಂದ ಚಿಲ್ಲರೆಯನ್ನೂ ಸುರಿದುಕೊಂಡು, ಭೂತಗನ್ನಡಿ ತರಲು ರೂಮಿಗೆ ಹೋದೆ. ಭೂಮಿ ಮೇಜಿನ ಪಕ್ಕ ನಿಂತಿದ್ದಳು. ಹೋಗಿ ಬರಲು ಎಷ್ಟು ಹೊತ್ತು? ಆ ಹೊತ್ತನ್ನು ಆಮೇಲೆ ಎಷ್ಟೋ ಸಲ ನಡೆದು ನೋಡಿದ್ದೇನೆ. ಹದಿನಾಲ್ಕು ಹೆಜ್ಜೆ.

ತಿರುಗಿ ಬಂದಾಗ ಮಗು ಬಾಯಿ ತೆರೆದು ನಿಂತಿತ್ತು. ಅಳುತ್ತಿರಲಿಲ್ಲ, ಕೆಮ್ಮುತ್ತಲೂ ಇರಲಿಲ್ಲ. ಕಣ್ಣು ಮಾತ್ರ ನನ್ನನ್ನೇ ನೋಡುತ್ತಿತ್ತು. ತುಟಿಯ ಬಣ್ಣ ಬದಲಾಗುತ್ತಿತ್ತು. ನಾನು ಪದವೀಧರ; ಇಂಥ ಹೊತ್ತಿನಲ್ಲಿ ಏನು ಮಾಡಬೇಕೆಂದು ಓದಿದ್ದೆ, ವಿಡಿಯೊ ನೋಡಿದ್ದೆ, ಇನ್ನೊಬ್ಬರಿಗೆ ಕಳುಹಿಸಿಯೂ ಇದ್ದೆ. ಆದರೆ ಭೂತಗನ್ನಡಿ ಹಿಡಿದುಕೊಂಡು ಕಂಬದ ಹಾಗೆ ನಿಂತೆ. ಬಾಯಿಂದ "ವಸೂ" ಎಂಬ ಒಂದು ಕೂಗು ಹೊರಟಿತು, ಅಷ್ಟೆ.

ವಸಂತ ಶಿಶುವಿಹಾರದಲ್ಲಿ ಹನ್ನೆರಡು ವರ್ಷ ದುಡಿದವಳು. ಅಡುಗೆಮನೆಯಿಂದ ಬಂದವಳೇ ಏನಾಯಿತೆಂದು ಕೇಳಲಿಲ್ಲ. ಮಗುವನ್ನು ತೊಡೆಯ ಮೇಲೆ ಬೋರಲು ಹಾಕಿ, ತಲೆ ತಗ್ಗಿಸಿ, ಅಂಗೈ ಬುಡದಿಂದ ಬೆನ್ನಿಗೆ ಗುದ್ದಿದಳು. ಒಂದು. ಎರಡು. ಮೂರು. ನಾಲ್ಕನೆಯದಕ್ಕೆ ಏನೋ ಹಾರಿ ನೆಲಕ್ಕೆ ಬಿತ್ತು.

ಸದ್ದಾಯಿತು. ಆಮೇಲೆ, ಒಂದು ಗಳಿಗೆ ಬಿಟ್ಟು, ಮಗು ಅತ್ತಿತು.

ನಾನು ಹೇಳಬೇಕೆಂದಿರುವುದು ಆ ಒಂದು ಗಳಿಗೆಯ ವಿಷಯ. ಮಗು ಬದುಕಿದೆಯೋ ಇಲ್ಲವೋ ಇನ್ನೂ ಗೊತ್ತಿಲ್ಲ. ಆದರೆ ನನ್ನ ಕಿವಿ ಆಗಲೇ ಸದ್ದನ್ನು ಗುರುತಿಸಿತ್ತು: ಸ್ಟೀಲು. ಈಗಿನ ರೂಪಾಯಿ. ನಕ್ಷತ್ರದ್ದಲ್ಲ. ಎದೆ ಹಗುರಾಯಿತು. ಅಳು ಕೇಳಿಸಿದ್ದು ಅದಾದ ಮೇಲೆ.

ಮೆಟ್ಟಿಲ ಮೇಲೆ ದಬದಬ ಸದ್ದಾಯಿತು. ರೇಣುಕಾ ಕತ್ತಿನಲ್ಲಿ ಅಳತೆಯ ಟೇಪು ನೇತುಹಾಕಿಕೊಂಡೇ ಓಡಿಬಂದಳು. "ಏನಾತ್ರೀ ಕಾಕು? ಯಾಕ ಅಳಾಕತ್ಯಾಳ?" ಎಂದು ವಸಂತಳನ್ನು ಕೇಳಿದಳು. ಕೆಳಗೆ ಬಿದ್ದ ನಾಣ್ಯ ನೋಡಿದ ಕೂಡಲೇ ಅವಳಿಗೆ ಎಲ್ಲ ತಿಳಿಯಿತು. ನನ್ನನ್ನು ಬೈಯುತ್ತಾಳೆ ಎಂದುಕೊಂಡೆ. ಬೈದಿದ್ದರೆ ಎಷ್ಟೋ ವಾಸಿ ಇತ್ತು. ಅವಳು ಮಗುವನ್ನು ಅವಚಿಕೊಂಡು, ಅಳುತ್ತಲೇ, "ಕಾಕು, ಜರಾ ಅರಿಶಿಣ ಕೊಡ್ರಿ, ಮನಿದೇವರಿಗೆ ಮುಡಿಪು ಕಟ್ತೀನಿ" ಎಂದಳು. ಮುಡಿಪೆಂದರೆ ಅರಿಶಿನದ ಬಟ್ಟೆಯಲ್ಲಿ ಒಂದು ನಾಣ್ಯ ಕಟ್ಟಿ ದೇವರ ಮುಂದಿಡುವುದು. ಊರಿಗೆ ಹೋದಾಗ ಹುಂಡಿಗೆ ಹಾಕುವವರೆಗೆ ಅದನ್ನು ಬಿಚ್ಚುವಂತಿಲ್ಲ. ವಸಂತ ಒದ್ದೆ ಅರಿಶಿನದ ಬಟ್ಟೆ ತಂದಳು. ರೇಣುಕಾ ಮೇಜಿನ ಮೇಲೆ ಕಣ್ಣಾಡಿಸಿ ಒಂದು ನಾಣ್ಯ ಎತ್ತಿಕೊಂಡಳು.

"ಇದು ದೊಡ್ಡದೈತಿ, ಹಳೇದೈತಿ. ದೇವರಿಗೆ ಒಪ್ಪತೈತಿ. ತಗೊಳ್ಳಲೇನ್ರೀ ಕಾಕಾ?"

ನಕ್ಷತ್ರ. ಕತ್ತು ಆಡಿಸಿದೆ. ಹೌದೆಂದೋ ಅಲ್ಲವೆಂದೋ ನನಗೇ ತಿಳಿಯಲಿಲ್ಲ, ಅವಳು ಹೌದೆಂದುಕೊಂಡಳು. ಡಾಕ್ಟರರ ಹತ್ತಿರ ಹೋಗಿ, ಗಂಟಲಿಗೆ ಏನೂ ಆಗಿಲ್ಲ ಎನ್ನಿಸಿಕೊಂಡು ಬಂದಾಗಲೂ ಅವಳ ಮುಷ್ಟಿಯಲ್ಲಿ ಆ ಗಂಟಿತ್ತು.

ಆಮೇಲೆ ದಿನವೂ ಏನಾದರೊಂದು ನೆಪ ಮಾಡಿಕೊಂಡು ಮಹಡಿಗೆ ಹೋಗತೊಡಗಿದೆ. ದೇವರ ಗೂಡಿನ ಮುಂದೆ ಕೈಮುಗಿದು ನಿಲ್ಲುವ ನನ್ನನ್ನು ನೋಡಿ ಭೂಮಿಯೂ ಪಕ್ಕದಲ್ಲಿ ಕೈಮುಗಿಯುತ್ತಿದ್ದಳು. "ಕಾಕಾಗ ಭಕ್ತಿ ಬಂದೈತಿ" ಎಂದು ರೇಣುಕಾ ವಸಂತಳ ಹತ್ತಿರ ಹೇಳಿದಳಂತೆ. ನಾನು ನೋಡುತ್ತಿದ್ದದ್ದು ಬಟ್ಟೆ ಒಣಗಿದೆಯೇ ಎಂದು. ತೇವವಿದ್ದರೆ ನಾಣ್ಯ ಕಲೆಗಟ್ಟುತ್ತದೆ.

ಮೊನ್ನೆ ಅವರು ಊರಿಗೆ ಹೊರಟರು. ರೇಣುಕಾ ಗಂಟನ್ನು ನನ್ನ ಕೈಗಿಟ್ಟು, "ನೀವೂ ಮುಟ್ಟಿ ಕೊಡ್ರಿ ಕಾಕಾ" ಎಂದು ಬ್ಯಾಗಿನ ಜಿಪ್ ಎಳೆಯಲು ಬಗ್ಗಿದಳು. ನನ್ನ ಜೇಬಿನಲ್ಲಿ ವಜ್ರದ ರೂಪಾಯಿ ಸಿದ್ಧವಾಗಿತ್ತು. ಅದೇ ಇಸವಿ, ಅದೇ ತೂಕ. ಗಂಟು ಸಡಿಲವಾಗಿತ್ತು. ದೇವರು ಭೂತಗನ್ನಡಿ ಇಟ್ಟುಕೊಂಡು ಕೂತಿರುವುದಿಲ್ಲ. ಅಭ್ಯಾಸಬಲದಿಂದ ಗಂಟಿನ ಮೇಲೆ ಉಗುರಿನಿಂದ ತಟ್ಟಿದೆ. ಬಟ್ಟೆಯೊಳಗಿನ ನಾಣ್ಯ ಸದ್ದು ಮಾಡಲಿಲ್ಲ. ಬಾಗಿಲ ಹೊರಗಿನಿಂದ ಭೂಮಿ ಗಂಟಲು ಹರಿಯುವ ಹಾಗೆ "ಅಜ್ಜಾ, ಟಾಟಾ!" ಎಂದು ಕಿರುಚಿದಳು.

ಗಂಟನ್ನು ಹಿಂದಕ್ಕೆ ಕೊಟ್ಟೆ. ಜೇಬಿನಿಂದ ವಜ್ರದ ರೂಪಾಯಿಯನ್ನೂ ತೆಗೆದು, "ಇದನ್ನೂ ಹುಂಡಿಗೆ ಹಾಕಮ್ಮ, ನನ್ನ ಹೆಸರಲ್ಲಿ" ಎಂದೆ.

"ನಿಮಗೇನಾಗಿತ್ರೀ ಕಾಕಾ?" ಎಂದು ರೇಣುಕಾ ಗಾಬರಿಯಾದಳು.

ಹೇಳಲು ಬಾಯಿ ತೆರೆದೆ. ಮಾತು ಹೊರಡಲಿಲ್ಲ. ಹಿಂದೆ ನಿಂತಿದ್ದ ವಸಂತ ಒಂದು ಕ್ಷಣ ನನ್ನ ಮುಖ ನೋಡಿದಳು.

"ಏನ್ರೀ, ಗಂಟಲಲ್ಲಿ ಏನಾದ್ರೂ ಸಿಕ್ಕೊಂಡಿದ್ಯಾ? ಬೆನ್ನಿಗೆ ನಾಲ್ಕು ಗುದ್ದಲಾ?"

ಗುದ್ದು ಎನ್ನಬೇಕಿತ್ತು. ಏನಿಲ್ಲ, ಸ್ವಲ್ಪ ಕೆಮ್ಮು, ಎಂದೆ.